ಮೇಕೆಯ ಗದ್ದದ ಕೆಳಗಿನ ಅಂಗೈ

ಮೇಕೆಗಳ ಬೆನ್ನುಹುರಿಯ ಪಕ್ಕಕ್ಕೆ ಕೊಡುವ ನೋವಿನ ಮದ್ದುಗಳಲ್ಲಿ ಯಾವುದು ಮೇಲು ಎಂದು ಹೋಲಿಸಿ ನೋಡಿದ ಲೇಖನವೊಂದು ನಮ್ಮ ಪಶುವೈದ್ಯ ಕಾಲೇಜಿನಿಂದ ಅಚ್ಚಾಗಿದೆ. ಒಂಬತ್ತು ಪುಟ. ಕೊನೆಯಲ್ಲಿ ಹನ್ನೊಂದು ಜನರ ಹೆಸರು ಹಾಕಿ ಕೃತಜ್ಞತೆ ಹೇಳಿದ್ದಾರೆ. ಕಟ್ಟಡದ ಎಂಜಿನಿಯರ್ ಕೂಡ ಆ ಪಟ್ಟಿಯಲ್ಲಿದ್ದಾರೆ. ಅವರು ಮಾಡಿದ ಉಪಕಾರ ಏನೆಂದರೆ ಕೊಟ್ಟಿಗೆಯ ಬಲ್ಬು ಬದಲಾಯಿಸಲು ಒಂದು ಚೀಟಿಗೆ ಸಹಿ ಹಾಕಿದ್ದು. ಮೇಕೆಗಳನ್ನು ಹಿಡಿದು ಕೂತವಳ ಹೆಸರು ಎಲ್ಲೂ ಇಲ್ಲ. ‘ಮತ್ತು ಕೊಟ್ಟಿಗೆಯ ಸಿಬ್ಬಂದಿ’ ಎಂದಿದೆ. ಅದನ್ನು ಓದಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಆರುವ ಮುಂಚೆ ಬರೆದುಬಿಡಬೇಕು ಎಂದು ಕೂತಿದ್ದೇನೆ.

ನಾನು ಆ ಕಾಲೇಜಿನ ಔಷಧ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಕೂತವನು. ನನ್ನ ಮುಂದೆ ಒಂದು ಕಬ್ಬಿಣದ ಕಿಟಕಿ, ಅದರಾಚೆ ಓಣಿ, ಓಣಿಯಾಚೆ ಮೇಕೆಗಳ ಕೊಟ್ಟಿಗೆ. ಅವಳು ದಿನವೂ ಬೆಳಿಗ್ಗೆ ಆ ಕಿಟಕಿಗೆ ಮೊಣಕೈ ಊರಿ ನಿಂತು, ಹಿಂದಿನ ದಿನ ಯಾರು ಏನಂದರು, ತಾನು ಅದಕ್ಕೆ ಏನಂದೆ ಎಂದು ಒಪ್ಪಿಸುತ್ತಿದ್ದಳು. ಯಾರೋ ಏನೋ ಅಂದದ್ದಕ್ಕಿಂತ ತಾನು ಅಂದದ್ದು ಯಾವಾಗಲೂ ಎರಡು ಪಟ್ಟು ಇರುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ. ನನ್ನನ್ನು ಅವಳು ಉಗ್ರಾಣದಣ್ಣ ಎನ್ನುತ್ತಿದ್ದಳು.

ಕಸ ಗುಡಿಸಲು ಎಂದು ಸೇರಿದವಳು ಅಕ್ಕ. ಸೇರಿದ ಮೂರನೇ ತಿಂಗಳಲ್ಲಿ ಒಂದು ಮೇಕೆಯ ಕಾಲಿನ ಕೀವು ತೆಗೆಯುವಾಗ ಅದು ನಾಲ್ಕು ಜನರ ಕೈ ತಪ್ಪಿಸಿಕೊಂಡು ಓಡಾಡಿತಂತೆ. ಇವಳು ಪೊರಕೆ ಕೆಳಗಿಟ್ಟು ಹೋಗಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎಡ ಅಂಗೈಯನ್ನು ಅದರ ಗದ್ದದ ಕೆಳಗಿಟ್ಟಳು, ಬಲಗೈ ಹೆಬ್ಬೆರಳನ್ನು ಕಿವಿಯ ಬುಡಕ್ಕೆ ಒತ್ತಿದಳು, ಹಣೆಗೆ ಹಣೆ ತಾಗಿಸಿ ಏನೋ ಗುನುಗಿದಳು. ಮೇಕೆ ಕಂಬದ ಹಾಗೆ ನಿಂತಿತು. ಕೀವು ತೆಗೆದರು, ತೊಳೆದರು, ಹೊಲಿದರು, ಅದು ಅಲ್ಲಾಡಲಿಲ್ಲ. ಅವತ್ತೇ ಪೊರಕೆ ಬೇರೆಯವರ ಕೈಗೆ ಹೋಯಿತು.

ಅಲ್ಲಿಂದ ಹತ್ತೊಂಬತ್ತು ವರ್ಷ ಅವಳ ಕೆಲಸ ಹಿಡಿಯುವುದು. ಕೆಲಸ ಕಾಯಂ ಆಗಲಿಲ್ಲ. ವರ್ಷಕ್ಕೊಮ್ಮೆ ಹೊಸ ಆದೇಶ ಬರಬೇಕು, ಬಂದರೆ ಇದ್ದಾಳೆ, ಬಾರದಿದ್ದರೆ ಇಲ್ಲ. ಆದರೂ ಅವಳಿಗೆ ತನ್ನ ಕೈಯ ಬಗ್ಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ‘ನನ್ನ ಕೈಲಿದ್ರೆ ಕೊಯ್ತಾ ಇದ್ರೂ ಮೇಕೆ ಮೆಲುಕು ಹಾಕತ್ತೆ, ಉಗ್ರಾಣದಣ್ಣ. ಅಂಗೈಗೆ ಗೊತ್ತಾಗತ್ತೆ, ಗರ ಗರ ಅಂತ’ ಎಂದು ಹೇಳುತ್ತಿದ್ದಳು. ನಾವೂ ನಂಬಿದ್ದೆವು. ಗಾಯ ಹೊಲಿಯುವುದಿರಲಿ, ಕೊಂಬು ಬೆಳೆಯದಂತೆ ಮರಿಯ ಕೊಂಬಿನ ಮೊಳಕೆ ಸುಡುವುದಿರಲಿ, ಹೋತದ ಬೀಜ ಒಡೆಯುವುದಿರಲಿ, ‘ಅಕ್ಕ ಇದ್ದಾಳಲ್ಲ, ಮದ್ದು ಯಾಕೆ ದಂಡ’ ಎನ್ನುವುದು ಡಾಕ್ಟರುಗಳಿಗೆ ರೂಢಿಯಾಯಿತು. ಮರಗಟ್ಟಿಸುವ ಮದ್ದು ನನ್ನ ಕಪಾಟಿನಲ್ಲಿ ಹಾಗೇ ಉಳಿಯುತ್ತಿತ್ತು. ವರ್ಷದ ತಪಾಸಣೆಗೆ ಬಂದವರು ಅದನ್ನು ನೋಡಿ ನನ್ನ ಬೆನ್ನು ತಟ್ಟುತ್ತಿದ್ದರು. ನಾನೂ ಹಲ್ಲು ಬಿಡುತ್ತಿದ್ದೆ.

ಆ ಹತ್ತೊಂಬತ್ತನೇ ವರ್ಷ ಒಬ್ಬ ಡಾಕ್ಟರು ಬಂದರು. ವಯಸ್ಸು ಚಿಕ್ಕದು, ಅವಸರ ದೊಡ್ಡದು. ಅವರನ್ನು ಎಲ್ಲರೂ ಸೂಜಿ ಡಾಕ್ಟರು ಎಂದು ಕರೆದೆವು, ಯಾಕೆಂದರೆ ಅವರ ಸಂಶೋಧನೆಯೆಲ್ಲ ಒಂದೇ ಸೂಜಿಯದು. ಹೆರಿಗೆಗೆ ಹೋದ ಹೆಂಗಸರಿಗೆ ಬೆನ್ನಿಗೆ ಕೊಡುತ್ತಾರಲ್ಲ, ಅದೇ ಸೂಜಿ ಮೇಕೆಗೆ. ಸೊಂಟದ ಎಲುಬು ಮುಗಿದು ಬಾಲದ ಕಡೆಯದು ಶುರುವಾಗುವಲ್ಲಿ ಒಂದು ಗುಳಿ ಇರುತ್ತದೆ, ಅಲ್ಲಿ ಕೊಟ್ಟರೆ ಹಿಂಭಾಗದ ನೋವು ಅಷ್ಟು ಹೊತ್ತು ಹೋಗುತ್ತದೆ. ಯಾವ ಮದ್ದು ಬೇಗ ಹಿಡಿಯುತ್ತದೆ, ಯಾವುದು ಹೆಚ್ಚು ಹೊತ್ತು ನಿಲ್ಲುತ್ತದೆ, ಯಾವುದು ಕಾಲನ್ನೇ ಬೀಳಿಸುತ್ತದೆ ಎಂದು ನೋಡಬೇಕು.

ಎಂಟು ಮೇಕೆ, ಒಂದೊಂದಕ್ಕೆ ನಾಲ್ಕು ಸಲ, ನಡುವೆ ಎರಡು ವಾರ ಬಿಡುವು. ದಿನಕ್ಕೊಂದು ಮೇಕೆಯಂತೆ ವಾರಕ್ಕೆ ನಾಲ್ಕು. ಮದ್ದು ಯಾವುದೆಂದು ಸೂಜಿ ಡಾಕ್ಟರಿಗೂ ಗೊತ್ತಾಗಬಾರದು ಎಂಬುದು ನಿಯಮ. ಅದಕ್ಕೆ ಸಿರಿಂಜುಗಳನ್ನು ತುಂಬಿ ಬಣ್ಣದ ಟೇಪು ಸುತ್ತುವ ಕೆಲಸ ನನ್ನದು. ಕೆಂಪು ಎಂದರೆ ಲಿಗ್ನೋಕೇನ್, ನಾನು ಹೇಳಿದ ಮರಗಟ್ಟಿಸುವ ಮದ್ದು. ಹಳದಿ ಎಂದರೆ ಕ್ಸೈಲಜಿನ್, ಅದು ಮೇಕೆಯನ್ನು ತೂಕಡಿಸುವಂತೆಯೂ ಮಾಡುತ್ತದೆ. ಹಸಿರು ಎಂದರೆ ಎರಡರ ಬೆರಕೆ. ಬಿಳಿ ಎಂದರೆ ಬರೀ ಉಪ್ಪುನೀರು. ಮದ್ದಿಲ್ಲದೆ ಹೇಗಿರುತ್ತದೆ ಎಂದು ಹೋಲಿಸಲು ಅದೊಂದು ಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ವಿಭಾಗದ ಮುಖ್ಯಸ್ಥರ ಬೀರುವಿನಲ್ಲಿ ಇಟ್ಟೆವು. ಎಲ್ಲ ಮುಗಿದ ಮೇಲೆಯೇ ತೆರೆಯಬೇಕು.

ಹಿಡಿಯುವವರು ಇಬ್ಬರು. ಸೋಮವಾರ, ಮಂಗಳವಾರ ಪೈಲ್ವಾನ. ಗುರುವಾರ, ಶುಕ್ರವಾರ ಅಕ್ಕ. ಪೈಲ್ವಾನ ಹೆಸರಿಗೆ ಪೈಲ್ವಾನ, ಆಳು ಬಾಗಿಲಷ್ಟು, ಆದರೆ ಮೇಕೆ ಕಂಡರೆ ಭಯ. ಕೊಂಬು ಹಿಡಿದು ಗೋಡೆಗೆ ಒತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನಿಗೂ ಮೇಕೆಗೂ ಯಾರು ಮೊದಲು ಕಿರುಚುವುದು ಎಂದು ಪೈಪೋಟಿ.

ಸೂಜಿ ಡಾಕ್ಟರು ಬೆನ್ನಿಗೆ ಮದ್ದು ಕೊಟ್ಟು, ಕೈಗಡಿಯಾರ ನೋಡಿಕೊಂಡು, ಐದು ನಿಮಿಷಕ್ಕೆ, ಹತ್ತಕ್ಕೆ, ಹದಿನೈದಕ್ಕೆ, ಹೀಗೆ ಎರಡು ಗಂಟೆಯವರೆಗೆ ಪಕ್ಕೆ, ತೊಡೆ, ಬಾಲದ ಬುಡಕ್ಕೆ ಚುಚ್ಚಿ ನೋಡುತ್ತಿದ್ದರು. ಆಮೇಲೆ ಕಟ್ ಕಟ್ ಎಂದು ಒಂದೊಂದೇ ಹಲ್ಲು ಏರುತ್ತ ಮೂರು ಹಲ್ಲಿನವರೆಗೆ ಬಿಗಿಯುವ ಇಕ್ಕಳದಿಂದ ಚರ್ಮ ಹಿಡಿಯುತ್ತಿದ್ದರು. ಮೇಕೆ ಒದ್ದರೆ, ಕೂಗಿದರೆ, ಹಿಂತಿರುಗಿ ನೋಡಿದರೆ ಸೊನ್ನೆ. ಏನೂ ಮಾಡದಿದ್ದರೆ ಮೂರು. ಪ್ರತಿ ಸಲವೂ ಮದ್ದು ಕೊಡುವ ಮುಂಚೆ ಒಮ್ಮೆ ಚಿವುಟಿ, ಮೇಕೆಗೆ ನೋವು ಗೊತ್ತಾಗುತ್ತದೆ ಎಂದು ಖಾತ್ರಿ ಮಾಡಿಕೊಳ್ಳಬೇಕಂತೆ. ಇವರು ದಿನ ದಿನ ಯಾಕೆ ಎಂದು ಎಂಟೂ ಮೇಕೆಗೆ ಒಂದೇ ಬೆಳಿಗ್ಗೆ, ಪೈಲ್ವಾನನ ಕೈಯಲ್ಲಿ, ಅದನ್ನು ಮುಗಿಸಿಬಿಟ್ಟಿದ್ದರು. ಎಂಟೂ ಒದ್ದಿದ್ದವು. ಆ ಒಂದು ಸೋಮಾರಿತನದ ಬಗ್ಗೆ ಯಾರೂ ಅವರನ್ನು ಇವತ್ತಿಗೂ ಕೇಳಿಲ್ಲ.

ಆರನೇ ವಾರದ ಹೊತ್ತಿಗೆ ಸೂಜಿ ಡಾಕ್ಟರ ಮುಖದಲ್ಲಿ ಕಳೆ ಬಂತು. ಬಿಳಿ ಟೇಪಿನ ಮದ್ದು ಅದ್ಭುತ ಎಂದು ಅವರು ನನ್ನ ಕಿಟಕಿಯಲ್ಲೇ ಹೇಳಿದರು. ಕೆಂಪು ಕೊಟ್ಟರೆ ಮೇಕೆ ಕಾಲು ಮಡಚಿ ಬೀಳುತ್ತದೆ, ಹಳದಿ ಕೊಟ್ಟರೆ ತಲೆ ಜೋಲು ಹಾಕುತ್ತದೆ, ಬಿಳಿ ಕೊಟ್ಟರೆ ನಾಲ್ಕು ಕಾಲ ಮೇಲೆ ನಿಂತೇ ಇರುತ್ತದೆ, ಇಕ್ಕಳದ ಮೂರನೇ ಹಲ್ಲು ಬಿಗಿದರೂ ಅಲ್ಲಾಡುವುದಿಲ್ಲ. ನಡುವೆ ಮೂರು ಸಲ ಬಿಳಿ ಕೊಟ್ಟಾಗ ಮೇಕೆ ಒದ್ದಿತ್ತು, ಅದು ತಮ್ಮ ಸೂಜಿ ಸರಿಯಾದ ಗುಳಿಗೆ ಹೋಗದೇ ಇದ್ದದ್ದಕ್ಕೆ ಎಂದು ತಾವೇ ಸಮಾಧಾನ ಮಾಡಿಕೊಂಡರು. ನನಗೆ ಬಿಳಿ ಏನೆಂದು ಗೊತ್ತು. ಹೇಳುವ ಹಾಗಿಲ್ಲ, ನಿಯಮ.  ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಮುಖ್ಯಸ್ಥರೂ ಹಾಗೇ ಮಾಡಿದರು. ದೊಡ್ಡ ಸಮ್ಮೇಳನವೊಂದಕ್ಕೆ ಪತ್ರ ಬರೆದು, ನಮ್ಮಲ್ಲಿ ಕಾಲು ಬೀಳಿಸದ ಮದ್ದು ಸಿಕ್ಕಿದೆ ಎಂದು ತಿಳಿಸಿಯೇಬಿಟ್ಟರು.

ಮೂವತ್ತೆರಡೂ ಮುಗಿದ ದಿನ ಮುಖ್ಯಸ್ಥರ ಕೋಣೆಯಲ್ಲಿ ಲಕೋಟೆ ತೆರೆದರು. ನಾನೂ ಇದ್ದೆ. ಸೂಜಿ ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಮುಖ್ಯಸ್ಥರು ಕಿತ್ತುಕೊಂಡು ಓದಿದರು.  ಉಪ್ಪುನೀರಿಗೆ ನೋವು ಹೋಗುವುದಾದರೆ ಸಮುದ್ರದ ಮೀನಿಗೆ ಗಾಳದ ಅರಿವೇ ಇರಬಾರದು.

ಸಿರಿಂಜಿನ ತಟ್ಟೆಯನ್ನು ಕಿಟಕಿಯಿಂದ ಕೊಟ್ಟಿಗೆಗೆ ಒಯ್ಯುತ್ತಿದ್ದವರು ಯಾರು ಎಂದು ಮುಖ್ಯಸ್ಥರು ಕೇಳಿದರು. ಅಕ್ಕ. ಮುಗಿಯಿತು. ಒದ್ದೆ ಕೈಯಲ್ಲಿ ಟೇಪು ಕಳಚಿರುತ್ತದೆ, ತೋಚಿದ ಸಿರಿಂಜಿಗೆ ತೋಚಿದ ಬಣ್ಣ ಸುತ್ತಿರುತ್ತಾಳೆ, ಓದು ಬರಹ ಇಲ್ಲದವರ ಕೈಗೆ ಇಂಥ ಕೆಲಸ ಕೊಟ್ಟದ್ದೇ ತಪ್ಪು ಎಂದು ಅವರದೇ ಪ್ರಶ್ನೆ, ಅವರದೇ ಉತ್ತರ. ಅಕ್ಕ ಏಳನೆಯ ತರಗತಿಯವರೆಗೆ ಓದಿದವಳು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪೈಲ್ವಾನನಿಗೆ ಪೇಪರು ಓದಿ ಹೇಳುವವಳು. ನಾನು ಬಾಯಿ ತೆರೆದೆ. ಟೇಪನ್ನು ನಾನೇ ಸುತ್ತಿದ್ದೇನೆ, ಮೇಲೆ ಅಂಟು ಹಚ್ಚಿದ್ದೇನೆ, ಕಳಚಲು ಸಾಧ್ಯವಿಲ್ಲ ಎಂದೆ.

‘ಹಾಗಾದ್ರೆ ತುಂಬುವಾಗ ನೀವೇ ಅದಲು ಬದಲು ಮಾಡಿದ್ರಾ?’ ಎಂದರು ಮುಖ್ಯಸ್ಥರು, ನನ್ನ ಕಣ್ಣಿನಲ್ಲಿ ಕಣ್ಣಿಟ್ಟು.

ನನಗೆ ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಬೇರೆಯವರ ಮೇಲೆ ಬರುವ ಸಿಟ್ಟು ಬೇಗ ಇಳಿಯುತ್ತದೆ, ಆ ದಿನದ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕನನ್ನು ಕರೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಈ ವರ್ಷದ ಆದೇಶ ಬರುವುದಿಲ್ಲ, ತಿಂಗಳ ಕೊನೆಯವರೆಗೆ ಕಸದ ಕೆಲಸ ಮಾಡಿಕೊಂಡಿರಲಿ, ಆಮೇಲೆ ಬೇಡ ಎಂದರು. ಅವಳು ಯಾವತ್ತೂ ಸುಮ್ಮನೆ ನಿಂತವಳಲ್ಲ, ಅವತ್ತು ನಿಂತಳು. ಹೊರಗೆ ಬಂದು ಓಣಿಯಲ್ಲಿ ನನ್ನನ್ನು ಕಂಡು, ನೀನು ಒಳಗೇ ಇದ್ದೆಯಲ್ಲ ಎಂದಷ್ಟೇ ಕೇಳಿದಳು. ನಾನು ಬೀಗದ ಕೈ ಹುಡುಕುವವನ ಹಾಗೆ ಜೇಬು ತಡಕಾಡಿದೆ.

ಆ ಸಂಜೆ ನಾಚಿಕೆ ತಡೆಯಲಾರದೆ ಸಂಶೋಧನೆಯ ಪುಸ್ತಕ ತರಿಸಿಕೊಂಡು, ಪಕ್ಕದಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಕೂತೆ. ಯಾವ ದಿನ ಯಾರು ಹಿಡಿದಿದ್ದರು ಎಂದು ತಾಳೆ ನೋಡಿದೆ. ಬಣ್ಣ ಅದಲು ಬದಲಾಗಿದ್ದರೆ ಉಪ್ಪುನೀರು ಬೇರೆ ಯಾವುದೋ ಬಣ್ಣದಲ್ಲಿ ಹೋಗಿರಬೇಕು, ಆ ದಿನ ಮೇಕೆ ಒದ್ದಿರಬೇಕು. ಬಿಳಿಗೆ ಒದ್ದ ದಿನಗಳೆಲ್ಲ ಪೈಲ್ವಾನನವು. ಅಕ್ಕನ ಹದಿನಾರು ದಿನಗಳಲ್ಲಿ ಒಂದು ಮೇಕೆಯೂ ಒದ್ದಿರಲಿಲ್ಲ. ಕೆಂಪಿಗೂ ಮೂರು, ಹಳದಿಗೂ ಮೂರು, ಬಿಳಿಗೂ ಮೂರು. ಐದನೇ ನಿಮಿಷಕ್ಕೂ ಮೂರು, ಮದ್ದು ಇಳಿದುಹೋಗಿರಬೇಕಾದ ಎರಡನೇ ಗಂಟೆಗೂ ಮೂರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಮೂರು ಡಾಕ್ಟರೇಟುಗಳು ಕೂತು ಆ ಪುಸ್ತಕ ನೋಡಿದ್ದವು, ಅವಕ್ಕೆ ಕಂಡಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅದನ್ನು ಅವಳಿಗೆ ಹೇಳಲು ಕಾಯುತ್ತಿದ್ದೆ. ಅವಳು ಬಂದವಳು ಕಿಟಕಿಗೆ ಮೊಣಕೈ ಊರಲಿಲ್ಲ, ದೂರದಲ್ಲೇ ನಿಂತಳು. ಕಣ್ಣು ಊದಿತ್ತು. ನಾನು ಬಾಯಿ ಬಿಡುವ ಮುಂಚೆ ತಾನೇ ಹೇಳಿದಳು, ನನಗೆ ಗೊತ್ತಾಯಿತು ಎಂದು.

ಗೊತ್ತುಮಾಡಿದ್ದು ಅವಳ ಮಗಳು. ಹದಿನೈದರ ಹುಡುಗಿ. ಆರು ವರ್ಷದವಳಿದ್ದಾಗ ಕುದಿಯುವ ನೀರು ಚೆಲ್ಲಿ ಎಡಗಾಲು ಮಂಡಿಯಿಂದ ಕೆಳಗೆ ಬೆಂದಿತ್ತು. ಎರಡು ತಿಂಗಳು ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ಗಾಯದ ಹಳೇ ಪಟ್ಟಿ ಕಿತ್ತು ಹೊಸದು ಕಟ್ಟುತ್ತಿದ್ದರು. ಬೇರೆ ಮಕ್ಕಳ ಕೂಗು ರಸ್ತೆಗೆ ಕೇಳುತ್ತಿತ್ತಂತೆ. ಅಕ್ಕ ತನ್ನ ಮಗಳ ಗದ್ದ ಅಂಗೈಯಲ್ಲಿಟ್ಟು, ಹೆಬ್ಬೆರಳು ಕಿವಿಯ ಹಿಂದೆ ಒತ್ತಿ ಕೂತರೆ, ಮಗು ಉಸಿರೆತ್ತುತ್ತಿರಲಿಲ್ಲ. ನರ್ಸುಗಳು ಇಂಥ ಮಗುವನ್ನು ಕಂಡೇ ಇಲ್ಲ ಎನ್ನುತ್ತಿದ್ದರು. ಅದನ್ನು ಅಕ್ಕ ನನಗೇ ನೂರು ಸಲ ಹೇಳಿದ್ದಳು.

ಹಿಂದಿನ ಸಂಜೆ ಅವಳು ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ, ಉಪ್ಪುನೀರು ಕೊಟ್ಟ ಮೇಕೆ ಅದು ಹೇಗೆ ಅಲ್ಲಾಡದೆ ನಿಲ್ಲುತ್ತದೆ, ನಾನೇನು ಮಾಟಗಾತಿಯೇ ಎಂದು ಗೋಡೆಗೆ ಹೇಳುತ್ತಿದ್ದಳು. ಮಗಳು ಲೆಕ್ಕ ಬಿಡಿಸುತ್ತಿದ್ದವಳು ತಲೆ ಎತ್ತದೆ ಅಂದಳಂತೆ:

‘ನೀನು ಹಿಡ್ಕೊಂಡ್ರೆ ಯಾರಮ್ಮ ಅಲ್ಲಾಡ್ತಾರೆ? ನಾನೂ ಅಲ್ಲಾಡ್ತಿರ್ಲಿಲ್ಲ.’

‘ನಿಂಗೆ ನೋವಾಗ್ತಿರ್ಲಿಲ್ವಲ್ಲೇ.’

‘ಆಗ್ತಿತ್ತು. ಪ್ರಾಣ ಹೋಗ್ತಿತ್ತು. ನಾನು ಅಲ್ಲಾಡಿದ್ರೆ ನೀನು ಅಳ್ತೀಯ ಅಂತ ಸುಮ್ನಿದ್ದೆ.’

ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನ ಕಿಟಕಿಯ ಮುಂದೆ ನಿಂತು, ಹಲ್ಲು ಕಡಿಯುವುದಕ್ಕೂ ಮೆಲುಕು ಹಾಕುವುದಕ್ಕೂ ವ್ಯತ್ಯಾಸ ಏನು ಎಂದು ನನ್ನನ್ನು ಕೇಳಿದಳು. ನಾನು ಉಗ್ರಾಣದವನು, ನನಗೇನು ಗೊತ್ತು. ಅವಳೇ ಹೇಳಿದಳು. ಮೆಲುಕು ಹಾಕುವ ಮೇಕೆಯ ಗಂಟಲಲ್ಲಿ ಉಂಡೆ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ದವಡೆ ಅಡ್ಡಡ್ಡ ಆಡುತ್ತದೆ. ಕೊಯ್ಯುವಾಗ ತನ್ನ ಅಂಗೈಗೆ ತಿಳಿಯುತ್ತಿದ್ದ ಗರ ಗರದಲ್ಲಿ ಉಂಡೆ ಇರಲಿಲ್ಲ, ಅದು ನೋವಿಗೆ ಹಲ್ಲು ಕಡಿಯುವುದು. ಹತ್ತೊಂಬತ್ತು ವರ್ಷ ಅಂಗೈಯಲ್ಲಿ ಹಿಡಿದುಕೊಂಡಿದ್ದರೂ ತಾನು ಗಂಟಲ ಕಡೆ ನೋಡಿರಲಿಲ್ಲ ಎಂದಳು. ನಾನು ಪುಸ್ತಕ ತೆರೆದು ಹದಿನಾರು ದಿನಗಳನ್ನು ತೋರಿಸಿದೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು, ಎಲ್ಲ ಮೂರುಗಳನ್ನೂ. ಆಮೇಲೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಮುಖ್ಯಸ್ಥರ ಕೋಣೆಗೆ ನಡೆದಳು. ಈ ಸಲ ನಾನೂ ಹಿಂದೆ ಹೋದೆ. ಹೋದೆನಲ್ಲ ಎಂದು ಹೇಳಿಕೊಳ್ಳಲು ಅದೊಂದೇ ಇದೆ.

ಮುಖ್ಯಸ್ಥರು ನಂಬಲಿಲ್ಲ. ಹಿಡಿದುಕೊಂಡರೆ ನೋವು ಹೋಗುತ್ತದೆಯೇ ಎಂದು ನಕ್ಕರು. ನೋವು ಹೋಗುತ್ತದೆ ಎಂದು ತಾನು ಹೇಳುತ್ತಿಲ್ಲ, ಹೋಗುವುದಿಲ್ಲ ಎಂದೇ ಹೇಳುತ್ತಿದ್ದೇನೆ ಎಂದಳು ಅಕ್ಕ. ನಂಬದಿದ್ದರೆ ಒಂದು ಮೇಕೆ, ಒಂದು ಇಕ್ಕಳ, ಮದ್ದು ಬೇಡ, ಈಗಲೇ ನೋಡಿ ಎಂದಳು. ಸೂಜಿ ಡಾಕ್ಟರು ಒಡನೆ ಎದ್ದರು. ಅವರ ಎರಡು ತಿಂಗಳು ನೀರಿಗೆ ಹೋಗಿತ್ತು, ಯಾಕೆ ಹೋಯಿತು ಎಂದಾದರೂ ಗೊತ್ತಾಗಬೇಕಿತ್ತು.

ಕೊಟ್ಟಿಗೆಯ ಪಕ್ಕದಲ್ಲಿ ಮೇಕೆಗಳನ್ನು ಪರೀಕ್ಷಿಸುವ ಕೋಣೆ ಚಿಕ್ಕದು. ಸಿಮೆಂಟು ನೆಲ, ನಡುವೆ ನೀರು ಹೋಗುವ ಕಾಲುವೆ, ಕಿಟಕಿಗೆ ಜಾಲರಿ, ಮೂಲೆಯಲ್ಲಿ ತೂಕದ ಯಂತ್ರ. ಅಕ್ಕ ಆ ಎಂಟು ಮೇಕೆಗಳಲ್ಲಿ ಸೊಸೆಯನ್ನು ಕರೆತಂದಳು. ಸೊಸೆ ಎಂದರೆ ಕಿವಿಯಲ್ಲಿ ಹದಿನೇಳನೇ ನಂಬರಿನ ಬಿಲ್ಲೆ ಇದ್ದ ಕಂದು ಮೇಕೆ. ಬೇರೆ ಕೊಟ್ಟಿಗೆಯಿಂದ ಬಂದು ಮೊದಲ ವಾರ ಯಾರ ಜೊತೆಗೂ ತಿನ್ನದೆ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತದ್ದಕ್ಕೆ ಅಕ್ಕ ಇಟ್ಟ ಹೆಸರು. ಬೇರೆ ಮೇಕೆ ತರಬಹುದಿತ್ತಲ್ಲ, ಇದು ನಿನ್ನ ಮುದ್ದಿನದು ಎಂದು ನಾನು ಮೆಲ್ಲಗೆ ಅಂದೆ. ಮುದ್ದಿನದು ಎಂದೇ ತಂದೆ, ಇವಳಷ್ಟು ನನ್ನನ್ನು ನಂಬಿದವರು ಇಲ್ಲ ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕುಕ್ಕರುಗಾಲಲ್ಲಿ ಕೂತಳು. ಸೊಸೆ ಕರೆಯದೆಯೇ ಬಂದು ಗದ್ದವನ್ನು ಅವಳ ಎಡ ಅಂಗೈಯಲ್ಲಿ ಇಟ್ಟಿತು. ಹೆಬ್ಬೆರಳು ಕಿವಿಯ ಬುಡಕ್ಕೆ ಹೋಯಿತು, ಹಣೆಗೆ ಹಣೆ ತಾಗಿತು. ಸೂಜಿ ಡಾಕ್ಟರು ಪಕ್ಕೆಗೆ ಚುಚ್ಚಿದರು. ಮೇಕೆ ಅಲ್ಲಾಡಲಿಲ್ಲ. ಇಕ್ಕಳ ಹಾಕಿದರು. ಮೊದಲ ಹಲ್ಲು. ಎರಡನೇ ಹಲ್ಲು. ಅವರ ಕೈ ತಡೆಯಿತು. ನಿಲ್ಲಿಸಬೇಡಿ ಎಂದಳು ಅಕ್ಕ. ಮೂರನೇ ಹಲ್ಲು. ಚರ್ಮದಿಂದ ರಕ್ತ ಒಸರಿತು. ಸೊಸೆಯ ನಾಲ್ಕು ಕಾಲೂ ನೆಲದಲ್ಲಿ ನೆಟ್ಟಂತೆ ಇದ್ದವು. ಬಾಲ ಕೂಡ ಆಡಲಿಲ್ಲ. ಪುಸ್ತಕದ ಪ್ರಕಾರ ನೋವು ಸ್ವಲ್ಪವೂ ಇಲ್ಲ, ಮೂರು ಅಂಕ.

‘ಡಾಕ್ಟ್ರೇ, ಇಕ್ಕಳ ಹಾಗೇ ಬಿಟ್ಟು ಇಲ್ಲಿ ಬನ್ನಿ. ನನ್ನ ಕೈ ಕೆಳಗೆ ನಿಮ್ಮ ಕೈ ಕೊಡಿ’ ಎಂದಳು ಅಕ್ಕ.

ಸೂಜಿ ಡಾಕ್ಟರು ಬಗ್ಗಿ ಅವಳ ಬೆರಳುಗಳ ನಡುವೆ ತಮ್ಮ ಬೆರಳು ತೂರಿಸಿ ಮೇಕೆಯ ದವಡೆ ಮುಟ್ಟಿದರು. ಮುಟ್ಟಿದವರ ಮುಖ ನೋಡನೋಡುತ್ತ ಬಿಳುಚಿತು. ಮುಖ್ಯಸ್ಥರು ಏನು ಏನು ಎಂದು ಕೇಳಿದರು. ಹಲ್ಲು ಕಡಿಯುತ್ತಿದೆ ಎಂದರು ಡಾಕ್ಟರು. ಎದೆಗೆ ಕೊಳವೆ ಇಟ್ಟು ಎಣಿಸಿದರು, ಓಡಿ ಬಂದ ಪ್ರಾಣಿಗಿರುವಷ್ಟು ಬಡಿತವಿತ್ತು. ಆಗ ಅಕ್ಕ ಎರಡೂ ಕೈಗಳನ್ನು ಒಮ್ಮೆಲೇ ತೆಗೆದು ಹಿಂದಕ್ಕೆ ಸರಿದಳು.

ಸೊಸೆ ಕೂಗಿದ ಕೂಗು ಮೇಕೆಯದೆಂದು ಯಾರೂ ಅನ್ನುತ್ತಿರಲಿಲ್ಲ. ನೆಗೆದು, ತೂಕದ ಯಂತ್ರಕ್ಕೆ ಬಡಿದು, ಪಕ್ಕೆಯಲ್ಲಿ ಇಕ್ಕಳ ನೇತಾಡಿಸಿಕೊಂಡು ಕೋಣೆಯೆಲ್ಲ ಸುತ್ತಿತು. ಮುಖ್ಯಸ್ಥರು ಬಾಗಿಲಿಗೆ ಒತ್ತಿಕೊಂಡು ನಿಂತರು. ಡಾಕ್ಟರು ಹೇಗೋ ಹಿಡಿದು ಇಕ್ಕಳ ಬಿಡಿಸಿದರು. ಅಕ್ಕ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು, ಸಹಾಯಕ್ಕೆ ಹೋಗಲಿಲ್ಲ.

ಮುಖ್ಯಸ್ಥರು ಅಂಗಿ ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದನಿಯಲ್ಲಿ, ಆಯಿತು, ನಿಮ್ಮ ತಪ್ಪೇನೂ ಇಲ್ಲ ಎಂದು ಗೊತ್ತಾಯಿತಲ್ಲ, ಆದೇಶ ಕಳಿಸುತ್ತೇನೆ ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಅವಳು ಗೆದ್ದ ಹಾಗೆ. ಹೊರಟವರನ್ನು ಅವಳೇ ನಿಲ್ಲಿಸಿದಳು.

‘ತಪ್ಪಿಲ್ಲ ಅಂದ್ರಾ ಸಾಹೇಬ್ರೇ? ಟೇಪು ನಾನು ಬದಲಾಯಿಸಿಲ್ಲ, ಅದು ಸರಿ. ತಪ್ಪು ನಂದೇ, ಅದು ಬೇರೆ ತಪ್ಪು. ಹತ್ತೊಂಬತ್ತು ವರ್ಷ ಇವುಗಳ ಬಾಯಿ ಮುಚ್ಚಿಸಿ ನಿಮ್ಮ ಕತ್ತರಿಗೆ ಕೊಟ್ಟಿದ್ದೀನಿ. ಅಕ್ಕ ಇದ್ದಾಳೆ, ಮದ್ದು ಬೇಡ ಅಂತ ನೀವು ಅಂದಾಗ ನಾನು ನಗ್ತಿದ್ದೆ. ಈ ಕೈಗೆ ಬೆಂಕಿ ಹಾಕ.’

 ಮುಖ್ಯಸ್ಥರು ಗಡಿಯಾರ ನೋಡಿಕೊಂಡು ಹೊರಟುಹೋದರು. ಸೂಜಿ ಡಾಕ್ಟರು ಮಾತ್ರ ನೆಲ ನೋಡುತ್ತ ನಿಂತಿದ್ದರು. ಅವರನ್ನು ಬೈಯಲು ನನಗೆ ಇನ್ನೂ ಬೇಕಾದಷ್ಟಿದೆ, ಆದರೆ ಅವತ್ತು ಅವರ ಕಣ್ಣಲ್ಲಿ ನೀರಿತ್ತು ಎಂಬುದನ್ನೂ ಹೇಳಬೇಕು. ಅಷ್ಟರಲ್ಲಿ ಸೊಸೆ ಮೂಲೆಯಿಂದ ಹೊರಟಿತು. ಪಕ್ಕೆಯ ರಕ್ತ ಇನ್ನೂ ನಿಂತಿರಲಿಲ್ಲ. ನೇರವಾಗಿ ಅಕ್ಕನ ಹತ್ತಿರ ಬಂದು, ಅವಳ ಸೊಂಟದ ಸುತ್ತ ಮೂಗಿನಿಂದ ಹುಡುಕಿ, ಬೆನ್ನ ಹಿಂದೆ ಕಟ್ಟಿದ್ದ ಅಂಗೈಯನ್ನು ಕಂಡುಹಿಡಿದು, ಅದರಲ್ಲಿ ಗದ್ದ ಇಟ್ಟಿತು.

ಅವಳು ಅದನ್ನು ಬೈದಳು. ಬುದ್ಧಿಗೆಟ್ಟವಳೇ, ನಿನಗೆ ಅಷ್ಟೂ ತಿಳಿಯುವುದಿಲ್ಲವೇ, ದೂರ ಹೋಗು ಎಂದು ಬಾಯಿಗೆ ಬಂದ ಹಾಗೆ ಬೈದಳು. ಬೈಯುತ್ತಲೇ ನೆಲಕ್ಕೆ ಕುಸಿದು ಅದರ ಕುತ್ತಿಗೆ ತಬ್ಬಿಕೊಂಡು ಅತ್ತಳು. ನಾನು ಹೊರಗೆ ಬಂದು ಓಣಿಯಲ್ಲಿ ನಿಂತೆ.

ಅಕ್ಕನ ಆದೇಶ ಬಂತು. ಸಂಶೋಧನೆಯನ್ನು ಮೊದಲಿಂದ ಮಾಡಿದರು. ಈ ಸಲ ಮೇಕೆಯನ್ನು ಮರದ ಚೌಕಟ್ಟಿನಲ್ಲಿ ಸಡಿಲವಾಗಿ ನಿಲ್ಲಿಸಿದರು, ಮುಂದೆ ಯಾರೂ ಕೂರಲಿಲ್ಲ. ಮದ್ದಿಗೆ ಮುಂಚೆ ಪ್ರತಿ ಸಲ ಚಿವುಟಿ ನೋಡಿದರು. ಬಿಳಿ ಟೇಪಿನ ದಿನ ಸೊಸೆ ಒದ್ದ ಏಟಿಗೆ ಡಾಕ್ಟರ ಕನ್ನಡಕ ಕಾಲುವೆಗೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ, ಸೊನ್ನೆ ಬರ್ಕೊಳ್ಳಿ ಡಾಕ್ಟ್ರೇ, ದೊಡ್ಡದಾಗಿ ಬರ್ಕೊಳ್ಳಿ ಎಂದು ನಕ್ಕಳು. ಹಸಿರು ಬಣ್ಣದ್ದು, ಅಂದರೆ ಬೆರಕೆ, ಬೇಗ ಹಿಡಿದು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅದೇ ಈಗ ಅಚ್ಚಾಗಿರುವುದು. ಹಿಡಿಯುವವರ ಕೈಯಿಂದ ಅಂಕ ಕೆಡುತ್ತದೆ ಎಂದು ಅದರಲ್ಲಿ ಅರ್ಧ ಸಾಲು ಇದೆ. ಯಾರ ಕೈ, ಯಾರು ಕಂಡುಹಿಡಿದರು, ಯಾವ ಮೇಕೆಯ ರಕ್ತ ಎಂದು ಇಲ್ಲ.

ನನ್ನ ಕೊನೆಯ ವರ್ಷದ ಒಂದು ಮಧ್ಯಾಹ್ನ. ಹೊಸದಾಗಿ ಬಂದ ಡಾಕ್ಟರೊಬ್ಬರು ಒಂದು ಮರಿಯ ಕೊಂಬಿನ ಮೊಳಕೆ ಸುಡಲು ಸಿದ್ಧರಾಗಿದ್ದರು. ಕಬ್ಬಿಣ ಕಾದಿತ್ತು. ಎರಡೇ ನಿಮಿಷದ ಕೆಲಸ, ಅಕ್ಕ, ಹಾಗೇ ಹಿಡಿದುಕೊಂಡುಬಿಡಿ ಎಂದರು. ಯಾರೋ ಹಳಬರು ಅವರಿಗೆ ಅವಳ ಕೈಯ ಮಹಿಮೆ ಹೇಳಿಕೊಟ್ಟಿರಬೇಕು. ಮರಿ ಆಗಲೇ ಅವಳ ಕಾಲಿಗೆ ತಲೆ ಉಜ್ಜುತ್ತಿತ್ತು. ಅಕ್ಕ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

‘ಮೊದ್ಲು ಮದ್ದು. ಆಮೇಲೆ ಕೈ.’

ಡಾಕ್ಟರು ಗೊಣಗಿದರು, ಕಬ್ಬಿಣ ಆರುತ್ತದೆ ಎಂದರು. ಆರಲಿ ಎಂದಳು. ಓಣಿ ದಾಟಿ ಬಂದು ನನ್ನ ಕಿಟಕಿಯ ಕಬ್ಬಿಣವನ್ನು ಗೆಣ್ಣಿನಿಂದ ಬಡಿದಳು. ನಾನು ಚೀಟಿ ಕೇಳಲಿಲ್ಲ. ಕಪಾಟಿನಿಂದ ಲಿಗ್ನೋಕೇನಿನ ಸೀಸೆ ತೆಗೆದು ಅವಳ ಅಂಗೈಯಲ್ಲಿ ಇಟ್ಟೆ.